ಪುಡಿ ಮಾರಲು ಪೇಜು ಮಾಡಿದ ಮೇಲೆ

ಅಂಗಡಿಯಲ್ಲಿ ಆಡಿದ ತಪ್ಪು ಮಾತು ಎದುರಿಗಿರುವ ನಾಲ್ಕು ಜನರಿಗೆ ಕೇಳಿ ಅಲ್ಲೇ ಸಾಯುತ್ತದೆ. ಫೋನಿನ ಪೇಜಿನಲ್ಲಿ ಆದ ತಪ್ಪು ಹಾಗಲ್ಲ. ಊರೆಲ್ಲ ಸುತ್ತಿ, ನೆಂಟರ ಮನೆಗಳಲ್ಲೆಲ್ಲ ಕಾಫಿ ಕುಡಿದು, ಕೊನೆಗೆ ನಮ್ಮ ಮನೆ ಬಾಗಿಲನ್ನೇ ತಟ್ಟುತ್ತದೆ. ನನ್ನ ಬಾಗಿಲನ್ನು ಅದು ಎಷ್ಟು ಸಲ ತಟ್ಟಿದೆ ಎಂದರೆ, ಈಗ ಫೋನು ಸದ್ದು ಮಾಡಿದರೆ ಮೊದಲು ಎದೆ ಮುಟ್ಟಿ ನೋಡಿಕೊಳ್ಳುತ್ತೇನೆ, ಆಮೇಲೆ ಫೋನು ಮುಟ್ಟುತ್ತೇನೆ.

ನಾನು ಮಂಡ್ಯದ ಗುತ್ತಲಿನಲ್ಲಿ ಸಾರಿನ ಪುಡಿ, ಬಾಡೂಟದ ಮಸಾಲೆ ಪುಡಿ ಮಾಡಿ ಮಾರುವವಳು. ಒಂದು ಒರಳು, ಒಂದು ಬಾಂಡಲಿ ಇಟ್ಟುಕೊಂಡು ಶುರು ಮಾಡಿದ್ದು. ಓದು ಬರಹವನ್ನೂ ಯಾರೂ ಹೇಳಿಕೊಡಲಿಲ್ಲ. ಮೆಣಸಿನಕಾಯಿ, ಧನಿಯಾ ಕಟ್ಟಿ ಬರುತ್ತಿದ್ದ ಹಳೇ ಪೇಪರು ಬಿಡಿಸಿ ಓದುತ್ತಾ ಕಲಿತೆ. ಆದ್ದರಿಂದ ಪೇಜನ್ನೂ ನಾನೇ ನಡೆಸುತ್ತೇನೆ ಎಂದು ಹಟ ಹಿಡಿದೆ. ತಂಗಿ ಮಗಳು, "ದೊಡ್ಡಮ್ಮ, ನಾನು ನೋಡ್ಕೋತೀನಿ ಬುಡಿ" ಅಂದಳು. "ನೋಡ್ಕೊಳ್ಳೋಕೆ ಅದೇನು ತೊಟ್ಟಿಲು ಮಗುವಾ?" ಅಂದೆ. ಮಗುವೇ ಆಗಿದ್ದರೆ ವಾಸಿ ಇತ್ತು. ಅದು ಒಂದು ಹೊತ್ತಾದರೂ ನಿದ್ದೆ ಮಾಡುತ್ತದೆ.

ಪೇಜು ಬರುವ ಮೊದಲು ನನ್ನ ಪುಡಿಗೆ ಇದ್ದ ಜಾಹೀರಾತು ಒಂದೇ. ಮದ್ದೂರಿನ ಒಬ್ಬ ಅಡುಗೆ ಯಜಮಾನರು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೀಗರೂಟವೋ ತಿಥಿಯೋ ಗೃಹಪ್ರವೇಶವೋ ಏನೇ ಇರಲಿ, ಕೊಪ್ಪರಿಗೆ ಇಡಲು ಅವರೇ ಬೇಕು. ಮನೆಯವರಿಗೆ ಸಾಮಾನು ಹೇಳುವಾಗ ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದರು: "ಪುಡಿ ಮಾತ್ರ ನಮ್ ಗುತ್ತಲು ತಂಗ್ಯಮ್ಮಂದೇ ಆಗ್ಬೇಕು." ಆ ಮಾತಿನ ಮೇಲೆ ನನ್ನ ಮನೆಯ ಗೋಡೆ ಎದ್ದಿದೆ. ಪೇಜು ಮಾಡಿದೆ ಎಂದು ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ಯಾಕ್ ತಂಗ್ಯಮ್ಮ, ನಾನು ಸಾಲ್ದೆ ಓದ್ನಾ?" ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಮುಂದೆ ಹೇಳುವ ಒಂದೊಂದು ಎಡವಟ್ಟಿನಲ್ಲೂ ನಾನು ಕೈಯಾರೆ ದೂರ ಮಾಡಿಕೊಳ್ಳುತ್ತಿದ್ದದ್ದು ಅವರನ್ನೇ.

ಶಿವರಾತ್ರಿಯ ಕೋಳಿ

ಪೇಜಿನಲ್ಲಿ ಒಂದು ಅನುಕೂಲವಿದೆ. ಇವತ್ತೇ ಕೂತು ಬರೆದಿಟ್ಟರೆ, ನಾವು ಹೇಳಿದ ದಿನ, ಹೇಳಿದ ಹೊತ್ತಿಗೆ ಅದು ತಾನೇ ಹಾಕಿಕೊಳ್ಳುತ್ತದೆ. ಇದು ಗೊತ್ತಾದ ದಿನ ನನಗೆ ಆಳು ಸಿಕ್ಕಷ್ಟು ಖುಷಿಯಾಯಿತು. ಭಾನುವಾರಗಳಿಗೆಲ್ಲ ಒಟ್ಟಿಗೆ ಬರೆದಿಟ್ಟೆ. ಕುದಿಯುವ ನಾಟಿಕೋಳಿ ಸಾರಿನ ಫೋಟೋ, ಕೆಳಗೆ, "ಎದ್ದಿರಾ? ಕೋಳಿ ಕುಯ್ದಿರಾ? ನಮ್ಮ ಪುಡಿ ತಂದಿರಾ?"

ಶಿವರಾತ್ರಿ ಭಾನುವಾರವೇ ಬಂತು.

ನಾನು ಬಿಲ್ವಪತ್ರೆ ಹಿಡಿದು ದೇವಸ್ಥಾನದ ಸಾಲಿನಲ್ಲಿ ನಿಂತಿದ್ದೆ. ಅಡುಗೆ ಯಜಮಾನರ ಫೋನು.

"ತಂಗ್ಯಮ್ಮ, ಇವತ್ತು ಏನಬ್ಬ?"

"ಶಿವರಾತ್ರಿ ಅಲ್ವಾ ಅಣ್ಣ."

"ನಿನ್ ಪೇಜಿಗೆ ಗೊತ್ತಾ?"

ಅಷ್ಟರಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ತನ್ನ ಫೋನು ನೋಡಿ, "ಅಯ್ಯೋ, ಯಾವಳೋ ಮನೆಹಾಳಿ ಉಪ್ವಾಸದ ದಿನ ಕೋಳಿ ತೋರಿಸ್ತಾವ್ಳೆ ನೋಡ್ರಿ" ಎಂದು ನನ್ನ ಕಡೆಗೇ ತಿರುಗಿಸಿದಳು. "ಎಂಥೆಂಥ ಜನ ಇರ್ತಾರೆ ಕಣ್ರೀ" ಎಂದು ನಾನೂ ಹೇಳಿದೆ. ಶಿವನ ಎದುರಿಗೇ ಹೇಳಿದೆ. ಹಾಕಿದ್ದನ್ನು ತೆಗೆಯುವುದು ಹೇಗೆಂದು ನನಗೆ ಆಗಿನ್ನೂ ಗೊತ್ತಿರಲಿಲ್ಲ. ಕೋಳಿ ಸಂಜೆವರೆಗೂ ಕುದಿಯುತ್ತಲೇ ಇತ್ತು.

ಬೈದವರೆಲ್ಲ ಬೈದು ಸುಮ್ಮನಾದರು. ಮಳವಳ್ಳಿ ಕಡೆಯ ಒಬ್ಬ ಅಜ್ಜ ಮಾತ್ರ ಪ್ಯಾಕೆಟ್ ಮೇಲಿದ್ದ ನಂಬರಿಗೆ ಫೋನು ಮಾಡಿ ಬಹಳ ಸಂಕಟದಿಂದ ಕೇಳಿದರು: "ಏನವ್ವ, ಈಗ ನನ್ ಉಪ್ವಾಸ ನಿಂತದಾ, ಮುರ್ದೋದಂಗಾ?"

"ಯಾಕಜ್ಜ, ಏನಾದ್ರೂ ತಿಂದ್ರಾ?"

"ತಿಂದಿಲ್ಲ ಕಣವ್ವ. ಎರಡು ಬೆರಳಲ್ಲಿ ಎಳ್ದು ದೊಡ್ಡದು ಮಾಡ್ಕೊಂಡು ನೋಡ್ಬುಟ್ಟೆ."

ತಾನಾಗಿ ಬರುವ ಉತ್ತರ

ಶಿವರಾತ್ರಿಯಿಂದ ಬುದ್ಧಿ ಕಲಿತೆನೇ? ಇಲ್ಲ. ಇನ್ನೊಂದು ಅನುಕೂಲ ಕಲಿತೆ. ಯಾರಾದರೂ ಪೇಜಿಗೆ ಬರೆದರೆ ತಕ್ಷಣ ತಾನಾಗಿಯೇ ಒಂದು ಉತ್ತರ ಹೋಗುತ್ತದೆ. ನಾನು ಮೆಣಸಿನಕಾಯಿ ಹುರಿಯುತ್ತಾ ನಿಂತರೆ ಫೋನು ಮುಟ್ಟಲು ಆಗುವುದಿಲ್ಲ, ಕಣ್ಣಲ್ಲಿ ನೀರು, ಕೈಯಲ್ಲಿ ಘಾಟು. ಆದ್ದರಿಂದ ಒಂದು ಒಳ್ಳೆಯ ಉತ್ತರ ಬರೆದಿಟ್ಟೆ. ನನ್ನ ಬರವಣಿಗೆ ನನಗೇ ಮೆಚ್ಚುಗೆಯಾಗಿತ್ತು: "ಬಹಳ ಸಂತೋಷ! ನಿಮ್ಮ ಮನೆಯ ಸಂಭ್ರಮದಲ್ಲಿ ನಾವೂ ಭಾಗಿ. ಇಂಥ ಸಂದರ್ಭ ನಿಮ್ಮ ಮನೆಗೆ ಮತ್ತೆ ಮತ್ತೆ ಬರಲಿ."

ನಿಡಘಟ್ಟದ ಒಂದು ಮನೆಯವರು ಗೃಹಪ್ರವೇಶಕ್ಕೆಂದು ಪುಡಿ ಹೇಳಿದ್ದರು. ಯಜಮಾನರೇ ಹಿಡಿದುಕೊಟ್ಟ ಗಿರಾಕಿ. ಒಂದು ಮಧ್ಯಾಹ್ನ ಆ ಮನೆಯ ಮಗ ಬರೆದಿದ್ದಾರೆ: "ನಮ್ಮ ದೊಡ್ಡಪ್ಪ ತೀರಿಕೊಂಡರು. ಗೃಹಪ್ರವೇಶ ಮುಂದಕ್ಕೆ ಹೋಗಿದೆ. ಪುಡಿ ಈಗ ಬೇಡ."

ಹೋಯಿತು ಉತ್ತರ. ಬಹಳ ಸಂತೋಷ! ಇಂಥ ಸಂದರ್ಭ ಮತ್ತೆ ಮತ್ತೆ ಬರಲಿ.

"ಏನ್ರೀ ಇದು?" ಎಂದು ಅವರು ಬರೆದರು. ಬಹಳ ಸಂತೋಷ! ಎಂದಿತು ಪೇಜು.

"ನಿಮಗೆ ಮಾನ ಮರ್ಯಾದೆ ಇದೆಯಾ?" ಎಂದು ಬರೆದರು. ನಿಮ್ಮ ಸಂಭ್ರಮದಲ್ಲಿ ನಾವೂ ಭಾಗಿ ಎಂದಿತು.

ನಾನು ಕೈ ತೊಳೆದು ಬಂದು ನೋಡುವ ಹೊತ್ತಿಗೆ ಆ ಮನೆಯಲ್ಲಿ ಇನ್ನಷ್ಟು ಜನ ಸಾಯಲಿ ಎಂದು ಸಾಕಷ್ಟು ಸಲ ಹಾರೈಸಿ ಆಗಿತ್ತು. ಕ್ಷಮಿಸಿ ಎಂದು ಬರೆಯಲು ಹೊರಟೆ. ಅಷ್ಟರಲ್ಲಿ ಸುದ್ದಿ ಮುಟ್ಟಿದ್ದ ಯಜಮಾನರು ಫೋನು ಮಾಡಿ ತಡೆದರು. "ಬರೀಬ್ಯಾಡ ತಂಗ್ಯಮ್ಮ. ಸಾವಿನ ಮನೆಗೆ ಫೋನ್ ಓಗಬಾರ್ದು, ಕಾಲು ಓಗ್ಬೇಕು. ಬಸ್ ಅತ್ತು."

ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಅಳಿಸಿದೆ. ಆ ಮನೆ ಜಗಲಿಯಲ್ಲಿ ತೀರಿಕೊಂಡವರ ತಮ್ಮ ಕೂತಿದ್ದರು. ನಾನು ಕೈಮುಗಿದು, "ಗುತ್ತಲಿಂದ ಬಂದಿದೀನಿ, ಪುಡಿಯವಳು" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟೋ ನಗುವೋ ತಿಳಿಯಲಿಲ್ಲ.

"ಬಾ, ಕೂತ್ಕೊ ಬಾ. ನೀನೇ ಬಂದಿದ್ದೀಯಾ, ಇಲ್ಲಾ ಇದೂ ತಾನಾಗೇ ಬಂದಿರೋದಾ?"

ಸಿಂಹದ ನಾಲಿಗೆ

ಒಬ್ಬ, ಮುಖದ ಜಾಗದಲ್ಲಿ ಸಿಂಹದ ಫೋಟೋ ಹಾಕಿಕೊಂಡವನು, ನಮ್ಮ ಪೇಜಿನಲ್ಲಿ ಬರೆದ: "ಈ ಪುಡೀಲಿ ಖಾರ ಬಿಟ್ರೆ ಏನೂ ಇಲ್ಲ."

ನೋಡಿ ಸುಮ್ಮನಿರಬೇಕಿತ್ತು. ಹೆಚ್ಚೆಂದರೆ, "ಮುಂದಿನ ಸಲ ಸರಿ ಮಾಡುತ್ತೇವೆ" ಎಂದು ಒಂದು ಸಲ ಬರೆದು ಬಿಡಬೇಕಿತ್ತು. ಆದರೆ ನನ್ನ ಪುಡಿಗೆ ಮಾತು ಬಂದರೆ ನನಗೆ ಮೈಯೇ ಉರಿಯುತ್ತದೆ. "ನಿಮ್ಮ ನಾಲಿಗೆ ಬೇರೆ ಜಿಲ್ಲೆಯದಿರಬೇಕು" ಎಂದು ಬರೆದೆ.

"ತಲೆತಲಾಂತರದಿಂದ ಮಂಡ್ಯದೋನು ನಾನು" ಎಂದಿತು ಸಿಂಹ.

"ಹಾಗಾದರೆ ಆ ತಲೆಗಳಿಗೆಲ್ಲ ಅವಮಾನ" ಎಂದೆ.

ಜನ ಸೇರಿದರು. ಕೆಲವರು ನನ್ನ ಕಡೆ, ಕೆಲವರು ಸಿಂಹದ ಕಡೆ, ಮಿಕ್ಕವರು ಬರೀ ನಗುವ ಮುಖ ಹಾಕುವ ಕಡೆ. ಒಲೆ ಮೇಲೆ ಧನಿಯಾ ಸೀದರೂ ಬಿಡದೆ ಉತ್ತರ ಕೊಟ್ಟೆ. ಯಜಮಾನರು ಫೋನು ಮಾಡಿ, "ಪಂಕ್ತೀಲಿ ಯಾರಾದ್ರೂ ಉಪ್ಪು ಕಮ್ಮಿ ಅಂದ್ರೆ ಸೌಟು ತಕ್ಕೊಂಡು ಒಡಿಯಕ್ಕೆ ಓಯ್ತೀವಾ? ಉಪ್ಪು ಬಡಿಸ್ತೀವಿ. ಬುಡು" ಅಂದರು. ನಾನು ಬಿಡಲಿಲ್ಲ.

ಸಂಜೆ ಎದುರು ಮನೆಯವರು ಬಂದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಬಹಳ ಮೆತ್ತಗಿನ ಮನುಷ್ಯ. "ಅಕ್ಕ, ಒಂದು ಪ್ಯಾಕೆಟ್ ಬಾಡೂಟದ ಪುಡಿ ಕೊಡಿ, ಭಾವಮೈದ ಬಂದವ್ನೆ."

"ಒಂದು ನಿಮಿಷ ಇರಿ, ಒಬ್ಬ ದರಿದ್ರದವನಿಗೆ ಉತ್ತರ ಕೊಡ್ತಾ ಇದೀನಿ" ಎಂದು ಹೇಳಿ, ಸಿಂಹಕ್ಕೆ ಉತ್ತರ ಬರೆದು ಒತ್ತಿದೆ. ಅವರ ಜೇಬಿನಲ್ಲಿ ಟಿಂಗ್ ಎಂದಿತು.

ಅವರ ಮುಖ ನೋಡಿದೆ. ಇನ್ನೊಂದು ಸಲ ಬರೆದು ಒತ್ತಿದೆ. ಟಿಂಗ್.

"ಏನ್ರೀ, ನೀವೇನಾ ಸಿಂಹ?"

ಅವರು ಪಂಚೆ ಸರಿಮಾಡಿಕೊಂಡರು. "ಬೇಜಾರು ಮಾಡ್ಕೋಬೇಡಿ ಅಕ್ಕ. ಮನೇಲಿ ಕೂತೂ ಕೂತೂ ಹೊತ್ತು ಹೋಗಲ್ಲ. ಎಲ್ಲಾರೂ ಚೆನ್ನಾಗದೆ ಚೆನ್ನಾಗದೆ ಅಂತ ಬರೆದಿದ್ರು."

"ಖಾರ ಬಿಟ್ರೆ ಏನೂ ಇಲ್ಲ ಅಂದ್ರಲ್ಲ, ಮತ್ಯಾಕೆ ಪುಡಿ?"

"ಅದು ಪೇಜಲ್ಲಿ ಅಕ್ಕ. ಮನೇಲಿ ಚೆನ್ನಾಗೇ ಇರ್ತದೆ."

ಕಿರುಗಾವಲಿನ ಚುನಾವಣೆ

ಜಗಳದಿಂದ ಕೆಟ್ಟ ಹೆಸರನ್ನು ಬಹುಮಾನದಿಂದ ತೊಳೆಯೋಣ ಎಂದುಕೊಂಡೆ. ನಮ್ಮ ಪುಡಿಯಲ್ಲಿ ಮಾಡಿದ ಅಡುಗೆಯ ಫೋಟೋ ಕಳಿಸಿ, ಯಾರಿಗೆ ಹೆಚ್ಚು ಲೈಕ್ ಬರುತ್ತದೋ ಅವರಿಗೆ ವರ್ಷವಿಡೀ ಪುಡಿ ಉಚಿತ ಎಂದು ಹಾಕಿದೆ. ಇನ್ನೊಂದು ಜಿಲ್ಲೆಯಲ್ಲಾಗಿದ್ದರೆ ಇದು ಅಡುಗೆ ಸ್ಪರ್ಧೆ ಆಗುತ್ತಿತ್ತು. ನಮ್ಮಲ್ಲಿ ಕೈ ಎಣಿಸುವ ಕೆಲಸ ಎಲ್ಲಿದ್ದರೂ ಅದು ಚುನಾವಣೆಯೇ.

ಕಿರುಗಾವಲಿನ ಒಂದು ಮನೆಯಿಂದ ಇಬ್ಬರು ವಾರಗಿತ್ತಿಯರು ಫೋಟೋ ಕಳಿಸಿದರು. ದೊಡ್ಡವಳದು ತಲೆಕಾಲು ಸಾರು, ಚಿಕ್ಕವಳದು ಕೈಮ ಉಂಡೆ. ಅಲ್ಲಿಯವರೆಗೆ ಒಂದೇ ಒಲೆಯ ಮನೆ ಅದು. ದೊಡ್ಡವಳ ತವರು ಒಂದು ಕಡೆ, ಚಿಕ್ಕವಳ ತವರು ಒಂದು ಕಡೆ ಎದ್ದು ನಿಂತಿತು. ಮಳವಳ್ಳಿ ಬಸ್ಸಿನಲ್ಲಿ ಪಕ್ಕ ಕೂತವರ ಫೋನು ಈಸಿಕೊಂಡು, "ಒಂಚೂರು ಕೊಡಣ್ಣ, ಒಂದ್ ಲೈಕ್ ಒತ್ಕೊಡ್ತೀನಿ" ಎನ್ನುವುದು ಶುರುವಾಯಿತಂತೆ. ಕಂಡಕ್ಟರನನ್ನೂ ಬಿಡಲಿಲ್ಲ. ಒಬ್ಬ ಮುದುಕ ಎರಡೂ ಕಡೆ ಕಾಫಿ ಕುಡಿದು ಎರಡಕ್ಕೂ ಒತ್ತಿ ಸಿಕ್ಕಿಬಿದ್ದ. "ಎರಡೂ ಚೆನ್ನಾಗಿದ್ವು ಕಣ್ರಲಾ" ಎಂದರೆ ಯಾರೂ ಕೇಳಲಿಲ್ಲ.

ದೊಡ್ಡವಳು ಒಂದೇ ಒಂದು ಲೈಕಿನಿಂದ ಗೆದ್ದಳು. ನಾನು ಪೇಜಿನಲ್ಲಿ ಅಭಿನಂದನೆ ಹಾಕಿದೆ. ಚಿಕ್ಕವಳ ಅಣ್ಣ ಕೂತು ಲೈಕ್ ಒತ್ತಿದವರ ಹೆಸರನ್ನೆಲ್ಲ ಒಂದೊಂದಾಗಿ ನೋಡಿ ಫೋನು ಮಾಡಿದ. "ಏನಮ್ಮೋ, ಆ ಹೆಚ್ಚಿಗೆ ಬಂದ ಒಂದು ಲೈಕು ನಿಂದೇ ಅಲ್ವಾ?" ನೋಡಿದೆ. ಹೌದು. ಮೊದಲ ಫೋಟೋ ಬಂತಲ್ಲ ಎಂಬ ಖುಷಿಗೆ ನಾನೇ ಒತ್ತಿದ್ದೆ.

ಯಜಮಾನರು ಈ ಸಲ ನಗಲಿಲ್ಲ. "ನಾನು ಆ ಮನೇಲಿ ಎಷ್ಟೋ ಅಡುಗೆ ಮಾಡಿವ್ನಿ. ಈಗ ಕರುದ್ರೆ ಯಾರ ಒಲೆ ಮುಂದೆ ನಿಂತ್ಕಳ್ಳಾನ ಯೋಳು?" ಅಂದರು. ಬಹುಮಾನ ಇಡುವವರು ತಾವು ಮೊದಲು ಕೈಕಟ್ಟಿ ಕೂರಬೇಕೆಂದು ನನಗೆ ತಿಳಿದದ್ದು ಹೀಗೆ. ಕಿರುಗಾವಲಿನ ಅಂಗಡಿಯವರು ಪ್ಯಾಕೆಟ್‌ಗಳನ್ನೆಲ್ಲ ವಾಪಸು ಕಳಿಸಿದರು. ಸೋತ ಕಡೆಯವರು ಸಿಟ್ಟಿಗೆ ನಮ್ಮ ಪುಡಿ ಕೊಳ್ಳುವುದಿಲ್ಲ. ಗೆದ್ದ ಕಡೆಯವರೆಲ್ಲ ದೊಡ್ಡವಳ ಮನೆಯಿಂದಲೇ ಈಸಿಕೊಳ್ಳುತ್ತಾರೆ, ಅವಳಿಗೆ ಹೇಗೂ ಉಚಿತ.

ಎಸರು ಮಾತ್ರ

ಇದನ್ನು ಬರೆಯುವಾಗ ನಗು ಬರುತ್ತದೆ, ಆಮೇಲೆ ಬರೆಯುವುದು ಬಿಟ್ಟು ಎದ್ದು ಹೋಗಿ ಮೆಣಸಿನಕಾಯಿ ಹುರಿಯುತ್ತೇನೆ.

ಮಳವಳ್ಳಿಯ ಒಂದು ದೊಡ್ಡ ಮನೆಯಲ್ಲಿ, ಮಗನ ಮದುವೆಯಾದ ಮೇಲಿನ ಬೀಗರೂಟ. ಅಡುಗೆ ಯಜಮಾನರದು, ಪುಡಿ ನನ್ನದು. ನಾನೂ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಬಾಡಿನ ಎಸರು ಕೆಂಪಗೆ ಕುದಿಯುತ್ತಿತ್ತು, ಮೇಲೆ ಎಣ್ಣೆ ತೇಲುತ್ತಿತ್ತು. ಅಷ್ಟು ಚೆಂದದ ಬಣ್ಣ ನನ್ನ ಪುಡಿ ಹಿಂದೆ ಕೊಟ್ಟಿರಲಿಲ್ಲ. ಫೋನು ತೆಗೆದೆ.

"ಬ್ಯಾಡ ತಂಗ್ಯಮ್ಮ" ಅಂದರು ಯಜಮಾನರು. ಅವರ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಒಲೆ ಹತ್ತಿರ ನಿಂತವನಿಗೆ ಆ ಮನೆಯ ಎಲ್ಲವೂ ಕಾಣುತ್ತದೆ, ಕೇಳುತ್ತದೆ: ಎಷ್ಟು ಮರಿ ಕಡಿದರು, ಯಾರನ್ನು ಕರೆದರು, ಯಾರನ್ನು ಬಿಟ್ಟರು. ಅದು ಬೂದಿಯ ಜೊತೆ ಅಲ್ಲೇ ಉಳಿಯಬೇಕು. ಹಾಗೆ ಉಳಿಸಿದ್ದಕ್ಕೇ ಒಬ್ಬರಿಗೊಬ್ಬರು ಮಾತಾಡದ ಮನೆಗಳೂ ಅವರನ್ನೇ ಕರೆಯುತ್ತಿದ್ದದ್ದು.

"ಯಾರ ಮುಖವೂ ತೆಗೆಯಲ್ಲ ಅಣ್ಣ. ಬರೀ ಎಸರು."

"ಎಸರು ಮಾತ್ರವಾ?"

"ನಿಮ್ಮಾಣೆ."

ಆಣೆ ತಪ್ಪಲಿಲ್ಲ. ವಿಡಿಯೋದಲ್ಲಿ ಎಸರು ಬಿಟ್ಟರೆ ಒಂದು ನೊಣವೂ ಇಲ್ಲ. ಶಾಮಿಯಾನದ ಗಲಾಟೆಯಲ್ಲಿ ಸದ್ದು ಏನೂ ಕೇಳಿಸದೆ, ಅಲ್ಲೇ ನಿಂತು ಪೇಜಿಗೆ ಹಾಕಿಬಿಟ್ಟೆ. ಮನೆಗೆ ಬಂದು ಮಲಗುವ ಮುಂಚೆ ಸಾವಧಾನವಾಗಿ ಹಾಕಿ ಕೇಳಿದೆ. ಎಸರು ಕೊತಕೊತ ಕುದಿಯುತ್ತಿದೆ. ಹಿಂದೆ ಮನೆಯ ಯಜಮಾನಿಯ ದನಿ, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ:

"ದೊಡ್ಡತ್ತೆ ಮನೆಯೋರ್ಗೆ ಬರೀ ಮನೆಮಟ್ಟಿಗೆ ಮಾಡ್ತಾ ಇದೀವಿ ಅಂತ ಯೋಳಿವ್ನಿ. ಯಾರೂ ಬಾಯ್ ಬುಡಬ್ಯಾಡಿ. ಅವ್ರು ಬಂದ್ರೆ ಒಂದು ಬಸ್ ಜನ ಬತ್ತಾರೆ, ಉಂಡೋದ್ಮೇಲೂ ಆಡ್ಕತಾರೆ."

ದೊಡ್ಡತ್ತೆ ಮನೆಯವರು ಆಗಲೇ ಕೇಳಿ ಆಗಿತ್ತು. ಬೆಳಗ್ಗೆ ನಿಜವಾಗಿಯೂ ಒಂದು ಗಾಡಿ ಮಾಡಿಕೊಂಡು ಮಳವಳ್ಳಿಗೆ ಹೋದರಂತೆ. "ಉಣ್ಣಕ್ಕೆ ಬಂದಿಲ್ಲ, ಆಡ್ಕಳಕ್ಕೆ ಬಂದಿವ್ನಿ" ಎಂದು ದೊಡ್ಡತ್ತೆ ಜಗಲಿಯ ಮೇಲೆ ಕೂತುಬಿಟ್ಟರಂತೆ.

ವಿಡಿಯೋ ತೆಗೆದುಹಾಕಿ, ಬಸ್ಸು ಹತ್ತಿ, ಆ ಮನೆಗೂ ಯಜಮಾನರ ಮನೆಗೂ ಹೋಗಿ ಕೈಮುಗಿಯಬೇಕಿತ್ತು. ಅಷ್ಟೇ ಸಾಕಿತ್ತು. ನಾನು ಏನು ಮಾಡಿದೆ? ಓದಿಕೊಂಡವಳಲ್ಲವೇ. ದೊಡ್ಡ ದೊಡ್ಡ ಕಂಪನಿಗಳು ತಪ್ಪು ಮಾಡಿದಾಗ ಪೇಪರಿನಲ್ಲಿ ಹೇಗೆ ಬರೆಸುತ್ತವೆ ಎಂದು ನನಗೆ ಗೊತ್ತಿತ್ತು. ಹಾಗೇ ಬರೆದೆ. ಮನೆ ಯಜಮಾನರ ಹೆಸರು ಸಮೇತ (ಇಲ್ಲಿ ಆ ಹೆಸರಿನ ಜಾಗಕ್ಕೆ 'ಸದರಿಯವರ' ಎಂದು ಹಾಕಿದ್ದೇನೆ), ಪೇಜಿನ ಮೇಲ್ಗಡೆಯೇ ನಿಲ್ಲುವ ಹಾಗೆ:

"ಮಳವಳ್ಳಿಯ ಸದರಿಯವರ ಮನೆಯ ಬೀಗರೂಟಕ್ಕೆ ಕರೆಯದೆ ಬಿಟ್ಟಿರುವ ಎಲ್ಲ ನೆಂಟರಲ್ಲಿ ನಾವು ವಿಷಾದ ವ್ಯಕ್ತಪಡಿಸುತ್ತೇವೆ. ನಿಮ್ಮನ್ನು ಕರೆಯದಿರುವುದು ಮನೆಯವರ ಸ್ವಂತ ತೀರ್ಮಾನ. ಇದರಲ್ಲಿ ನಮ್ಮ ಪುಡಿಯ ಪಾತ್ರವಿರುವುದಿಲ್ಲ."

ನಮ್ಮ ಪೇಜಿನಲ್ಲಿ ಅಷ್ಟು ಜನ ಓದಿದ ಬರಹ ಇನ್ನೊಂದಿಲ್ಲ. ಅಲ್ಲಿವರೆಗೆ ಒಂದು ಮನೆಯವರಿಗೆ ಮಾತ್ರ ಗೊತ್ತಿತ್ತು. ಕೆಳಗೆ ಒಬ್ಬೊಬ್ಬರೇ ಬರತೊಡಗಿದರು.

"ನಾನು ಹುಡುಗನ ತಾಯಿಯ ಸೋದರತ್ತೆ ಮಗ. ನನ್ನನ್ನೂ ಕರೆದಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ."

"ನಾವು ಅವರ ಪಕ್ಕದ ಮನೆ. ಅವತ್ತು ವಾಸನೆ ಬಂದಿತ್ತು, ಆದರೆ ಕೇಳಲಿಲ್ಲ."

ಇನ್ನೊಬ್ಬರು ಯಾರೋ ದೂರದ ಊರಿನವರು: "ಹುಡುಗನಿಗೆ ಮದುವೆ ಆಯ್ತಾ? ಯಾವಾಗ?"

ಆ ಮನೆಯವರು ನನ್ನನ್ನು ಬೈಯಲಿಲ್ಲ. ನಾನು ಯಾರು ಅವರಿಗೆ? ಅಡುಗೆ ಯಜಮಾನರನ್ನು ಕರೆಸಿ ಬೈದರು. ಆ ಮನೆತನದ ಮುಂದಿನ ಅಡುಗೆಗಳು ಬೇರೆಯವರಿಗೆ ಹೋದವು. ಯಜಮಾನರು ಗುತ್ತಲಿಗೆ ಬಂದರು. ನನ್ನ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ, ಕೂಗಾಡಲೂ ಇಲ್ಲ.

"ಇಷ್ಟು ವರ್ಸ ಒಲೆ ಮುಂದೆ ನಿಂತಿವ್ನಿ ತಂಗ್ಯಮ್ಮ. ಯಾರ ಮನೆ ಮಾತೂ ನನ್ ಬಾಯಿಂದ ಆಚಿಗೆ ಬಿದ್ದಿಲ್ಲ. ನಿನ್ ಪುಡಿ ಬೀಳ್ಸ್ತು."

"ತಪ್ಪಾಯ್ತು ಅಣ್ಣ" ಎನ್ನಬೇಕಿತ್ತು. "ನಾನು ಎಸರು ಮಾತ್ರ ತೆಗೆದಿದ್ದೆ" ಎಂದು ವಾದ ಮಾಡಿದೆ. ಅವರು ತಲೆ ಆಡಿಸಿ ಮೆಟ್ಟಿಲು ಇಳಿದರು. ಅವತ್ತಿನಿಂದ ಅವರ ಫೋನು ಇಲ್ಲ. ನಾನು ಏನೇ ಹಾಕಲಿ, ಎಷ್ಟೇ ಎಡವಲಿ, "ಇವತ್ತು ಏನಬ್ಬ?" ಎಂದು ಕೇಳುವವರು ಇಲ್ಲ. ಪೇಜಿನಲ್ಲಿ ಜನ ಬಹಳ ಇದ್ದಾರೆ. ಕೇಳುವವರು ಇಲ್ಲ.

ಮೊನ್ನೆ ಮದ್ದೂರಿನ ಹತ್ತಿರ ಪರಿಚಯದವರ ಮನೆಯಲ್ಲಿ ಬೀಗರೂಟವಿತ್ತು. ಅಡುಗೆ ಅವರದೇ ಎಂದು ತಿಳಿದೇ ಹೋದೆ. ಈ ಸಲ ವಾದ ಬೇಡ, ಕಾಲಿಗೇ ಬೀಳೋಣ ಎಂದುಕೊಂಡು ಹಿಂದುಗಡೆ ಒಲೆಗಳಿದ್ದ ಕಡೆ ನಡೆದೆ. ದೂರದಲ್ಲಿ ಕೊಪ್ಪರಿಗೆಯ ಹೊಗೆಯಲ್ಲಿ ಅವರ ಬೆನ್ನು ಕಾಣುತ್ತಿತ್ತು. ನನ್ನದಲ್ಲದ ಪುಡಿಯ ವಾಸನೆ ಬರುತ್ತಿತ್ತು. ತೆಂಗಿನ ಗರಿ ಅಡ್ಡ ಕಟ್ಟಿದ ಕಡೆ ಈರುಳ್ಳಿ ಸುಲಿಯುತ್ತಾ ಒಬ್ಬ ಹೆಂಗಸು ಕೂತಿದ್ದಳು, ಅವಳ ಪಕ್ಕದಲ್ಲಿ ಒಂದು ಕುಕ್ಕೆ ತುಂಬ ಫೋನುಗಳು.

"ನಿಂತ್ಕಳವ್ವ. ಒಲೆತಾವ್ಕೆ ಓಗೋರು ಫೋನ್‌ನ ಪುಡಿಯಮ್ಮನ ಕುಕ್ಕೆಗೆ ಆಕ್ಬುಟ್ಟು ಓಗ್ಬೇಕು."

"ಏನದು ಪುಡಿಯಮ್ಮನ ಕುಕ್ಕೆ?"

"ಯಾವಳೋ ಮಂಡ್ಯದಲ್ಲಿ ಪುಡಿ ಮಾರೋಳಂತೆ ಕಣವ್ವ. ಅವಳಿಂದ್ಲೇ ಈ ರೂಲ್ಸು ಬಂದಿದ್ದು. ಈಗ ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಿ ಓದ್ರೂ ಅಡುಗೆಯೋರೆಲ್ಲ ಇಂಗೇ ಕುಕ್ಕೆ ಮಡಿಕಂಡವ್ರೆ. ನಿಂಗೊತ್ತಿಲ್ವಾ? ಯಾವೂರವ್ವ ನಿಂದು?"

"ಅವಳು ಈಗ ಎಲ್ಲಿದ್ದಾಳೆ?" ಎಂದೆ.

"ಯಾರಿಗ್ಗೊತ್ತು. ಯಜಮಾನ್ರ ಕೇಳುದ್ರೆ ಏನೂ ಯೋಳಾಕಿಲ್ಲ, ಒಗೆ ಕಣ್ಗೋಯ್ತು ಅಂತ ಕಣ್ಣೊರುಸ್ಕತಾರೆ. ಬಿರ್ರನೆ ಫೋನ್ ಆಕವ್ವ, ಇಂದೆ ಜನ ನಿಂತವ್ರೆ."

ಹಾಕಿದೆ.